ಗಂಟೆ ಬಿಚ್ಚುತ್ತಿದ್ದ ಮಾಮಾ

ನನ್ನ ಸೋದರಮಾವನ ಎರಡು ಕೈಗಳನ್ನು ಬೇರೆ ಬೇರೆಯಾಗಿ ನೋಡಿದವರು ಅವು ಒಬ್ಬನೇ ಮನುಷ್ಯನವೆಂದು ಒಪ್ಪುತ್ತಿರಲಿಲ್ಲ. ಜೀಪಿನ ಹೊರಗೆ ಚಾಚಿಕೊಂಡೇ ವರ್ಷಗಳನ್ನು ಕಳೆದ ಬಲಗೈ ಬಿಸಿಲಿಗೆ ಬೆಂದು ಸುಟ್ಟ ಇಟ್ಟಿಗೆಯ ಬಣ್ಣ ತಾಳಿತ್ತು. ಮೊಣಕೈಯಿಂದ ಕೆಳಗೆ ಬಿದಿರುಮುಳ್ಳು ಗೀರಿದ ಬಿಳಿಯ ಗೆರೆಗಳು. ಎಡಗೈ ಮಾತ್ರ ಗೋಧಿಬಣ್ಣದ್ದು, ಮೃದುವಾದದ್ದು. ಪ್ರತಿ ಮುಂಜಾನೆ ಆ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜಿಸಿದ ಮೇಲೆಯೇ ಅವನು ಚಹಾ ಮುಟ್ಟುತ್ತಿದ್ದುದು. “ಬಲಗೈ ಪಗಾರದ್ದವ್ವಾ,” ಎಂದು ನಗುತ್ತಿದ್ದ, “ಎಡಗೈ ಅಷ್ಟ ನಂದು.”

ತಾಯಿಯನ್ನು ಕಳೆದುಕೊಂಡ ನನ್ನನ್ನು ಬೆಳೆಸಿದವರು ಮಾಮಾ ಮತ್ತು ಅತ್ತಿ. ಸಾಂಬ್ರಾಣಿಯ ಒಕ್ಕಲು ಮನೆಯಲ್ಲಿ ಹುಟ್ಟಿದ ಅವನು ಮೊದಲು ದಾಂಡೇಲಿಯ ಕಾಗದದ ಗಿರಣಿಗೆ ಬಿದಿರು ಹೊರುವ ಲಾರಿ ಓಡಿಸಿದ. ಕಾಡಿನ ಬಾಯಿಗೆ ಅಭಯಾರಣ್ಯವೆಂಬ ಫಲಕ ಬಂದು, ಪ್ರಾಣಿಗಳನ್ನು ನೋಡಲು ಊರೂರುಗಳಿಂದ ಜನ ಬರತೊಡಗಿದಾಗ, ಅವರನ್ನು ಸುತ್ತಿಸುವ ಜೀಪಿಗೆ ಚಾಲಕನಾದ. ಕೆಲಸದೊಡನೆ ಎರಡು ಕೋಣೆಯ ಕ್ವಾರ್ಟರ್ಸೂ ಸಿಕ್ಕಿತು. ನನ್ನನ್ನು ಧಾರವಾಡದ ಕಾಲೇಜಿಗೆ ಕಳಿಸುವಾಗ ಹಳಿಯಾಳದ ಬಸ್ಸಿನ ಕಿಟಕಿಯ ಬಳಿ ನಿಂತು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ದೊಡ್ಡ ಮಂದಿ ಎದುರಿಗೆ ಕೇಳಾಕ ನನಗ ಬರಂಗಿಲ್ಲ. ನಾಲಿಗಿ ಹೊಳ್ಳಂಗಿಲ್ಲ. ನೀ ಕೇಳೂದು ಕಲ್ತು ಬಾ.”

ದೊಡ್ಡ ಮಂದಿಯ ಎದುರು ಹೊರಳದ ಆ ನಾಲಿಗೆ ಉಳಿದ ಕಡೆಯಲ್ಲೆಲ್ಲ ಸುಮ್ಮನಿರುತ್ತಿರಲಿಲ್ಲ. ತಪಾಸಣೆಯ ಗೇಟಿಗಿಂತ ಮೊದಲು, ರಸ್ತೆಯ ತಿರುವಿನಲ್ಲಿ, ಹುಲಿದೇವರ ಕಲ್ಲೊಂದಿದೆ. ಕಾಡಿಗೆ ಹೋಗುವವರು ಒಂದು ಹಸಿರು ಟೊಂಗೆ ಮುರಿದು ಅದರ ಮುಂದೆ ಇಟ್ಟು ಹೋಗುವುದು ಅಲ್ಲಿಯ ರೂಢಿ. ಮಾಮಾ ಅಲ್ಲಿ ಜೀಪು ನಿಲ್ಲಿಸಿ ಎಲ್ಲರನ್ನೂ ಇಳಿಸುತ್ತಿದ್ದ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಒಮ್ಮೆ ಕುಳಿತಲ್ಲಿಂದಲೇ, “ನನ್ನ ಹೆಸರಿಲೆ ನೀನ ಒಂದು ಇಡೋ ಮಾರಾಯ” ಎಂದರು. “ನಿಮ್ಮ ಹೆಸರಿಲೆ ಹುಲಿನೂ ನಾನ ನೋಡಿ ಬರ್ಲೇನ್ರಿ?” ಎಂದು ಮಾಮಾ ಕೇಳಿದ. ಅವರು ಧೋತರ ಎತ್ತಿಕೊಂಡು ಇಳಿದರು. ಅರ್ಧ ದಿನ ಸುತ್ತಿ ಕಾಟಿ, ಕಡವೆಗಳನ್ನಷ್ಟೇ ಕಂಡು, “ಹುಲಿ ಎಲ್ಲೈತೋ?” ಎಂದು ಗೊಣಗಿದಾಗ, “ಅದೇನ್ ನಮ್ಮಂಗ ಪಗಾರಕ್ಕ ಐತೇನ್ರಿ, ಸಾಹೇಬ್ರು ಬಂದ್ರಂತ ಹಾಜರಿ ಹಾಕಾಕ?” ಎಂದ. ಮಕ್ಕಳು ಗಲಾಟೆ ಮಾಡಿದರೆ ಗದರುತ್ತಿರಲಿಲ್ಲ, “ಅಡವಿಯೊಳಗ ನಾವು ಬೀಗರು. ಹಗೂರ ಹೋಗಬೇಕು, ನೀಡಿದಷ್ಟು ಉಣಬೇಕು, ಹೊತ್ತು ಮುಳುಗೂದ್ರಾಗ ಎದ್ದು ಬರಬೇಕು” ಎನ್ನುತ್ತಿದ್ದ.

ಆದರೆ ಎಲ್ಲ ಅತಿಥಿಗಳೂ ನೀಡಿದಷ್ಟನ್ನೇ ಉಣ್ಣುವವರಾಗಿರಲಿಲ್ಲ. ಮೇಲಿನಿಂದ ಹೇಳಿಸಿಕೊಂಡು ಬರುವ ಗಣ್ಯರಿಗೆ ಹುಲಿ ಕಾಣಿಸಲೇಬೇಕಿತ್ತು. ಅಂಥವರು ಬರುವ ಹಿಂದಿನ ದಿನ ಮೌಳಂಗಿಯ ಕಡೆಯಿಂದ ಗಂಡು ಎಮ್ಮೆಗರುವೊಂದನ್ನು ತಂದು ಕಾಡಿನೊಳಗೆ ಗೂಟಕ್ಕೆ ಕಟ್ಟಿಸುತ್ತಿದ್ದರು. ಹುಲಿ ಅದನ್ನು ಕೊಂದು ತಿನ್ನಲು ಬಂದಾಗ ಅತಿಥಿಗಳು ಜೀಪಿನಲ್ಲಿ ಕುಳಿತು ನೋಡಬೇಕು. ಕೊರಳಲ್ಲಿ ಲಿಂಗ ಧರಿಸಿದವನು, ಮೊಟ್ಟೆಯನ್ನೂ ಮುಟ್ಟದವನು, ಆ ಕರುವನ್ನು ಜೀಪಿನಲ್ಲಿ ಒಯ್ಯಬೇಕಾಗಿತ್ತು. ಒಯ್ದ ದಿನ ಅವನು ಉಣ್ಣುತ್ತಿರಲಿಲ್ಲ. ಕಟ್ಟುವ ಮೊದಲು ಎಡಗೈಯಿಂದ, ಎಡಗೈಯೊಂದರಿಂದಲೇ, ಕರುವಿನ ಕೊರಳ ಗಂಟೆಯನ್ನು ಬಿಚ್ಚಿ ಮನೆಗೆ ತರುತ್ತಿದ್ದ. “ಗಂಟಿ ಇದ್ದದ್ದು ಮನಿದು,” ಎನ್ನುತ್ತಿದ್ದ. “ಗಂಟಿ ಬಿಚ್ಚಿದ ಮ್ಯಾಲ ಅದು ಅಡವಿದು. ಮನಿದನ್ನ ನಾ ಹುಲಿಗೆ ಕೊಡಂಗಿಲ್ಲ.” ಪಾಪ ಅಷ್ಟಕ್ಕೇ ಕಳೆಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಅಡುಗೆಕೋಣೆಯ ತೊಲೆಗೆ ಸಾಲಾಗಿ ತೂಗಿಹಾಕಿದ್ದ ಆ ಗಂಟೆಗಳು ಗಾಳಿ ಬೀಸಿದಾಗಲೆಲ್ಲ ನುಡಿಯುತ್ತಿದ್ದವು. “ಇದು ಮನಿನೋ ದನದ ಕೊಟಗಿನೋ? ರೊಟ್ಟಿ ಬಡಿಯೂದ ಬಿಟ್ಟು ಮೇವು ಹಾಕ್ಲೇನು?” ಎಂದು ಅತ್ತಿ ಸಿಡುಕುತ್ತಿದ್ದಳು. ಆದರೆ ಒಂದನ್ನೂ ಇಳಿಸುತ್ತಿರಲಿಲ್ಲ.

ನಾನು ಎಂ.ಎ. ಪರೀಕ್ಷೆ ಮುಗಿಸಿ ಬಂದ ಬೇಸಿಗೆಯಲ್ಲಿ ಅಂಥ ಗಣ್ಯರೊಬ್ಬರು ಬಂದರು. ಬುತ್ತಿ ಕೊಡಲೆಂದು ನಾನು ಪ್ರವಾಸಿ ಬಂಗಲೆಯ ಅಂಗಳಕ್ಕೆ ಹೋದಾಗ ಮಾಮಾ ಜೀಪಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಹಿಂದಿನ ಸೀಟಿನಲ್ಲಿ ಆ ಗಣ್ಯರು, ಅವರ ತೊಡೆಯ ಮೇಲೆ ಕಂಬಳಿಯಲ್ಲಿ ಸುತ್ತಿದ ಉದ್ದನೆಯ ವಸ್ತು.

“ಸಾಹೇಬ್ರ, ಕಂಬಳಿಯೊಳಗ ಏನೈತ್ರಿ ಅದು?”

“ಛತ್ರಿ,” ಎಂದು ಅವರು ನಕ್ಕರು.

“ಇಂಥಾ ಬ್ಯಾಸಗಿಯೊಳಗ ಮಳಿ ಎಲ್ಲಿಂದ ಬರ್ಬೇಕ್ರಿ? ಛತ್ರಿ ಇಲ್ಲೇ ಇಡ್ರಿ, ಗಾಡಿ ಚಾಲೂ ಮಾಡ್ತೇನಿ.”

ಅಭಯಾರಣ್ಯದೊಳಗೆ ಬಂದೂಕು ಒಯ್ಯಬಾರದೆಂದು ಫಲಕದ ಮೇಲೆ ಕೈಯುದ್ದದ ಅಕ್ಷರಗಳಲ್ಲಿ ಬರೆದಿತ್ತು. ಅದನ್ನು ಬರೆಸಿದ ಅರಣ್ಯ ಇಲಾಖೆಯ ಸಾಹೇಬರೇ, ಮಾಮಾನ ಮೇಲಧಿಕಾರಿ, ಮುಂದಿನ ಸೀಟಿನಿಂದ ತಿರುಗಿ ಹೇಳಿದರು: “ಶಾಣ್ಯಾತನ ಸಾಕು. ಕ್ವಾರ್ಟರ್ಸ್ ಯಾರು ಕೊಟ್ಟಾರ ಅನ್ನೂದು ನೆನಪೈತಿಲ್ಲೋ? ಗಾಡಿ ಚಾಲೂ ಮಾಡು.”

ಮಾಮಾ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಹತ್ತಿ ಕುಳಿತ. ಆ ದಿನ ಜೀಪು ಹುಲಿದೇವರ ಕಲ್ಲಿನ ಬಳಿ ನಿಲ್ಲಲಿಲ್ಲವಂತೆ.

ಮುಸ್ಸಂಜೆಗೆ ಮರಳಿದವನು ಕೈಕಾಲು ಸಹ ತೊಳೆಯದೆ ಕಟ್ಟೆಯ ಮೇಲೆ ಕುಳಿತ. “ಹುಲಿ ಸತ್ತಿದ್ರರ ಚಲೋ ಆಗ್ತಿತ್ತು,” ಎಂದ. “ಗುಂಡು ಮುಂಗಾಲಿಗೆ ಬಿತ್ತು. ಗಾಯ ತೊಗೊಂಡು ಬಿದಿರ ಮೆಳಿಯೊಳಗ ಹೊಕ್ಕೈತಿ.”

“ಹೊಡದಾವ್ರ ಹೋಗಿ ಹುಡುಕಬೇಕಲ್ಲ ಮಾಮಾ?”

“ಹೊಡದಾವ್ರು ಊಟಕ್ಕ ಕುಂತಾರ.”

ಮರುದಿನ ಮುಂಜಾನೆ ಗಣ್ಯರು ಹೊರಟರು. ಅವರನ್ನು ಅಳ್ನಾವರದ ರೈಲಿಗೆ ಮುಟ್ಟಿಸಲು ಸಾಹೇಬರು ತಾವೇ ಜೀಪು ನಡೆಸಿಕೊಂಡು ಹೋದರು. ಗಾಯಗೊಂಡ ಹುಲಿಯ ಹಿಂದೆ ಯಾರೂ ಹೋಗಲಿಲ್ಲ. ಸುತ್ತಲಿನ ಊರುಗಳಿಗೆ ಒಂದು ಮಾತು ಹೇಳಿ ಕಳಿಸಲೂ ಇಲ್ಲ. ಆ ಮೆಳೆಯ ಆಚೆಗೆ, ಜೋಯಿಡಾದ ದಿಕ್ಕಿಗೆ, ಕೊಂಕಣಿ ಮಾತಾಡುವ ಕುಣಬಿ ಬುಡಕಟ್ಟಿನವರ ಪುಟ್ಟ ಕೇರಿಯೊಂದಿತ್ತು. ಅಲ್ಲಿಯ ಹೆಂಗಸರು ಮುರುಗಲ ಹಣ್ಣು ಆರಿಸಲು ದಿನವೂ ಕಾಡಿಗೆ ಇಳಿಯುವ ಕಾಲ ಅದು.

ಮಾಮಾ ಮಣೆಯ ಮೇಲೆ ನಿಂತು ತೊಲೆಯ ಗಂಟೆಗಳನ್ನೆಲ್ಲ ಇಳಿಸತೊಡಗಿದ. ಅತ್ತಿ ಗಾಬರಿಯಾದಳು. “ಇಷ್ಟು ವರ್ಷ ಬೈದೆಲ್ಲ, ಇವತ್ತ ಖಾಲಿ ಮಾಡ್ತೇನಿ ತೊಗೊ,” ಎಂದ. ಕಾಡಿಗೆ ಹೋಗುವ ಹೆಂಗಸರು ಒಂದೊಂದು ಕಟ್ಟಿಕೊಳ್ಳಲಿ ಎಂಬುದು ಅವನ ಆಲೋಚನೆ. “ಗಾಯ ಆದದ್ದು ಒಮ್ಮೆಲೆ ಎದುರಿಗೆ ಸಿಕ್ರ ಬಿಡಂಗಿಲ್ಲ. ಮೊದಲ ಸಪ್ಪಳ ಕೇಳಿದ್ರ ತಾನ ಸರದು ಹೋಗ್ತೈತಿ.”

“ಜೀಪಿಲ್ಲ, ಬಂದೂಕಿಲ್ಲ, ನಡಕೋತ ಹೋಗ್ತೀರೇನು? ಹಂಗಾದ್ರ ಒಂದು ನೀವೂ ಕಟ್ಟಿಕೋರಿ,” ಎಂದು ಅತ್ತಿ ತಾನೇ ಅವನ ಸೊಂಟಕ್ಕೊಂದು ಬಿಗಿದಳು. ಹೆಗಲಿಗೆ ಗಂಟೆಯ ಚೀಲ, ಸೊಂಟದಲ್ಲೊಂದು ಗಂಟೆ. ಅವನು ಹೆಜ್ಜೆ ಇಟ್ಟೊಡನೆ ಅವಳಿಗೆ ನಗು ತಡೆಯಲಾಗಲಿಲ್ಲ: “ಕಾರಹುಣ್ಣಿಮಿ ಎತ್ತು ಹೊಂಟಂಗ ಹೊಂಟ್ರಲ್ರೀ!”

“ಕೋಡಿಗೆ ಬಣ್ಣ ಅಷ್ಟ ಉಳೀತು ನೋಡು,” ಎಂದವನು ತಿರುವಿನಲ್ಲಿ ಮರೆಯಾದ. ಸಪ್ಪಳ ಇನ್ನಷ್ಟು ಹೊತ್ತು ಕೇಳುತ್ತಿತ್ತು.

ಸಂಜೆಗೆ ಅವನು ಬರಲಿಲ್ಲ. ಕೇರಿಯಲ್ಲೇ ಉಳಿದಿರಬೇಕೆಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು.

ಮರುದಿನ ಬೆಳಿಗ್ಗೆ ಅತ್ತಿ ಅಂಗಳ ಗುಡಿಸುತ್ತಿದ್ದಾಗ ರಸ್ತೆಯ ಕಡೆಯಿಂದ ಗಂಟೆಗಳ ಸದ್ದು ಬಂತು. “ಯಾರ ದನ ಇಷ್ಟು ಲಗೂ ಬಿಟ್ಟಾರ?” ಎಂದು ಕಸಬರಿಗೆ ಹಿಡಿದೇ ತಿರುಗಿದಳು. ದನಗಳಲ್ಲ. ಕುಣಬಿ ಗಂಡಸರು ಬಿದಿರಿನ ಚಟ್ಟ ಹೊತ್ತು ಬರುತ್ತಿದ್ದರು, ಹಿಂದೆ ಹೆಂಗಸರು. ಅದೇ ಕಾಡನ್ನು ದಾಟಿ ಬಂದವರಾದ್ದರಿಂದ ಎಲ್ಲರ ಸೊಂಟದಲ್ಲೂ ಗಂಟೆಗಳಿದ್ದವು. ಚಟ್ಟದ ಮೇಲಿನ ಕಂಬಳಿಯ ಹೊರಗೆ ಸುಟ್ಟ ಇಟ್ಟಿಗೆ ಬಣ್ಣದ ಒಂದು ಕೈ ಜೋತಾಡುತ್ತಿತ್ತು.

ಕನ್ನಡ ಅಷ್ಟಾಗಿ ಬಾರದ ಹೆಂಗಸೊಬ್ಬಳು ಅತ್ತಿಯ ಕಾಲ ಬಳಿ ಕುಸಿದು ಕುಳಿತು ಹೇಳಿದಳು: “ಎಲ್ಲರಿಗೂ ಕೊಟ್ಟ. ಮುದುಕಿಗೆ ಉಳೀಲಿಲ್ಲ. ಮಾಮಾ ಸೊಂಟದ್ದು ಬಿಚ್ಚಿ ಕೊಟ್ಟ. ಬ್ಯಾಡ ಅಂದೆವು, ಕೇಳಲಿಲ್ಲ.” ಮರಳುವ ದಾರಿಯಲ್ಲಿ ಅವನು ಬರುತ್ತಿರುವುದು ಹುಲಿಗೆ ಕೇಳಿಸಲಿಲ್ಲ.

ಸಾಂಬ್ರಾಣಿಯ ಹೊಲದಲ್ಲಿ ಸಮಾಧಿಗೆ ಗುಣಿ ತೋಡಿದರು. ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಕುಳಿತ ಭಂಗಿಯಲ್ಲಿ ಅವನನ್ನು ಇಳಿಸುವ ಹೊತ್ತಿಗೆ ಅದೇ ಜೀಪಿನಲ್ಲಿ ಸಾಹೇಬರು ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.

“ಹೇಳದ ಕೇಳದ ಒಬ್ಬನ ಹೋಗಿಬಿಟ್ಟ ನೋಡ್ರಿ,” ಎಂದರು. “ನಾವೇನು ಕಳಿಸಿದ್ದಿಲ್ಲ. ಅವನದ ಅಜಾಗರೂಕತಿ. ಏನ್ ಮಾಡೂದು, ಅಡವಿ ಕೆಲಸ, ಅಡವಿ ಒಯ್ತು.”

“ಗಾಡಿ ಚಾಲೂ ಮಾಡು ಅಂದಾವ್ರು ಯಾರ್ರಿ?” ಎಂದು ಕೇಳಿದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. “ಕಂಬಳಿಯೊಳಗಿನ ಛತ್ರಿ ಯಾರದ್ರಿ? ಗುಂಡು ಹಾರಿಸಿ ಊಟಕ್ಕ ಕುಂತಾವ್ರು ಯಾರ್ರಿ?”

ಅವರು ಟೋಪಿಯ ಅಂಚನ್ನು ಸುತ್ತಿಸುತ್ತ ನಿಂತರು. ಆ ಪ್ರಶ್ನೆಗಳನ್ನು ಅನಂತರ ಕಚೇರಿಗಳ ಮೇಜುಗಳ ಮುಂದೆಯೂ ನಿಂತು ಕೇಳಿದ್ದೇನೆ. ಕುರ್ಚಿ ತೋರಿಸಿದ್ದಾರೆ, ಚಹಾ ತರಿಸಿದ್ದಾರೆ, ಕಾಡುಮೃಗದ ಸ್ವಭಾವವನ್ನು ವಿವರಿಸಿದ್ದಾರೆ. ನಾನು ಮೃಗದ ಸ್ವಭಾವವನ್ನು ಕೇಳಿರಲಿಲ್ಲ. ಆ ಗಣ್ಯರು ಎಲ್ಲೋ ಸುಖವಾಗಿದ್ದಾರೆ. ಅಭಯವೆಂಬ ಫಲಕ ಗೇಟಿನಲ್ಲಿ ಹಾಗೆಯೇ ನಿಂತಿದೆ, ಮತ್ತೊಂದು ಜೀಪು ಮತ್ತೊಬ್ಬ ಚಾಲಕನೊಡನೆ ಅತಿಥಿಗಳನ್ನು ಒಳಗೆ ಒಯ್ಯುತ್ತಿದೆ. ಕೇಳುವುದನ್ನು ಕಲಿತು ಬಾ ಎಂದವನಿಗೆ ನಾನು ಬೇರೇನನ್ನೂ ಸಲ್ಲಿಸಲಾರೆ. ಉತ್ತರ ಬರುವವರೆಗೆ ಕೇಳುತ್ತಿರುತ್ತೇನೆ.

ಅಂದು ಸಾಹೇಬರ ಮಾತಿಗೆ ಉತ್ತರ ಕೊಟ್ಟವಳು ಅತ್ತಿ. ಜೊತೆಗೆ ಬಂದಿದ್ದ ಕುಣಬಿ ಮುದುಕಿಯ ಕೈಯಲ್ಲಿದ್ದ, ಮಾಮಾ ಸೊಂಟದಿಂದ ಬಿಚ್ಚಿಕೊಟ್ಟಿದ್ದ ಗಂಟೆಯನ್ನು ಬೇಡಿ ತೆಗೆದುಕೊಂಡಳು. ಗುಣಿಯ ಅಂಚಿಗೆ ಮೊಣಕಾಲೂರಿ, ಬಾಗಿ, ಅದನ್ನು ಮಾಮಾನ ಬಲ ಮುಂಗೈಗೆ, ಆ ಪಗಾರದ ಕೈಗೆ ಕಟ್ಟಿದಳು. ಗಂಟು ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದಳು.

“ಅಡವಿ ಒಯ್ದಿಲ್ರಿ ಸಾಹೇಬ್ರ,” ಎಂದಳು, ತಲೆಯೆತ್ತದೆ. “ಇವ್ರೇನು ನೀವು ಗೂಟಕ್ಕ ಕಟ್ಟಿಸಿದ ಕರ ಅಲ್ಲ. ನಮ್ಮ ಮನಿಯವ್ರು.”

ಸಾಹೇಬರು ಟೋಪಿ ಹಾಕಿಕೊಂಡು ಜೀಪಿನ ಕಡೆ ನಡೆದರು. ಜನ ಮಣ್ಣು ಹಾಕತೊಡಗಿದರು. ಮೊದಲ ಹಿಡಿಗಳು ಬಿದ್ದಾಗ ಒಳಗಿನಿಂದ ಗಂಟೆ ನುಡಿಯಿತು, ತುಸು ತಡೆದು ಮತ್ತೊಮ್ಮೆ ನುಡಿಯಿತು. ಅತ್ತಿ ಅದು ನಿಲ್ಲುವವರೆಗೆ ಕಿವಿಗೊಟ್ಟು ಕುಳಿತಿದ್ದಳು.