ಹಿಂದಿನ ಬುಲೆಟಿನ್ ಓದದ ಸಮುದ್ರ

ಅಕ್ಕೋರ ಚಪ್ಪಲಿ ಕಂದು ಬಣ್ಣದ್ದು, ಪಕ್ಕದಲ್ಲಿ ಬಕಲ್ ಇದ್ದದ್ದು. ಆಫೀಸಿಗೆ ಬಂದ ಕೂಡಲೇ ಅದನ್ನು ಬಿಚ್ಚಿ ಮೇಜಿನ ಕೆಳಗೆ ಸರಿಸಿ, ಪ್ರಿಂಟರ್ ಕಾಗದ ಬಂದಿದ್ದ ಖಾಲಿ ರಟ್ಟಿನ ಡಬ್ಬಿಯ ಮೇಲೆ ಎರಡೂ ಪಾದ ಇಟ್ಟು ಕೂರುತ್ತಿದ್ದರು. ಊದಿ ಹೊಳೆಯುತ್ತಿದ್ದ ಪಾದಗಳು. ಪಟ್ಟಿ ಒತ್ತಿದ ಕಡೆ ಬಿದ್ದ ಗೆರೆ ಮಧ್ಯಾಹ್ನದ ಊಟದ ಹೊತ್ತಿಗೂ ಹೋಗಿರುತ್ತಿರಲಿಲ್ಲ. ಆ ಗೆರೆ ನೆನಪಾದಾಗಲೆಲ್ಲ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಹಾಗೆನ್ನುವವರಿಗೆ ನಮ್ಮ ಅಕ್ಕೋರು ಗೊತ್ತಿರಲಿಲ್ಲ.

ನಮ್ಮ ಉತ್ತರ ಕರ್ನಾಟಕದ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ಇವರು ಶಾಲೆಯಲ್ಲಿ ಕಲಿಸಿದವರಲ್ಲ. ಬಿಜಾಪುರದ ಕಡೆಯವರು, ಸರಕಾರಿ ಹವಾಮಾನ ಕಚೇರಿಯಲ್ಲಿ ದುಡಿದು ನಿವೃತ್ತರಾದ ಮೇಲೆ ಮಾದಾಪುರದ ನಮ್ಮ ಖಾಸಗಿ ಕಂಪನಿಗೆ ಬಂದವರು. ನಮ್ಮ ಕೆಲಸ, ದೂರದ ಸಮುದ್ರಗಳಲ್ಲಿ ಓಡಾಡುವ ಹಡಗುಗಳಿಗೆ ಗಾಳಿ ಎಷ್ಟು, ಅಲೆ ಎಷ್ಟು ಎಂದು ದಿನವೂ ಬುಲೆಟಿನ್ ಕಳಿಸುವುದು. ಹುಸೇನ್ ಸಾಗರವೆಂಬ ಕೆರೆ ಬಿಟ್ಟರೆ ಸಾಗರವೇ ಇಲ್ಲದ ಊರಲ್ಲಿ ಕೂತು ಸಮುದ್ರದ ಭವಿಷ್ಯ ಹೇಳುತ್ತೀರಲ್ಲ ಎಂದು ನೆಂಟರು ನಗುತ್ತಾರೆ. ನಗಲಿ. ಈ ಕೆಲಸ ನನಗೆ ಕಾಲೇಜಿನಲ್ಲಿ ಬರಲಿಲ್ಲ, ಅಕ್ಕೋರ ಬೈಗುಳದಲ್ಲಿ ಬಂತು.

ಬೈಯುವುದರಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. ಶಾಂತವಾಗಿದ್ದಾಗ ತೆಲುಗು, ಹಿಂದಿ, ಇಂಗ್ಲಿಷ್ ಎಲ್ಲವನ್ನೂ ಸರಾಗ ಆಡುವರು. ಸಿಟ್ಟು ಬಂದಿತೋ, ಕನ್ನಡ ಬಿಟ್ಟು ಬೇರೇನೂ ಬಾಯಿಗೆ ಬರುತ್ತಿರಲಿಲ್ಲ. ಬೈಸಿಕೊಂಡವರು ನನ್ನ ಮುಖ ನೋಡುತ್ತಿದ್ದರು. ನಾನು ಅರ್ಧ ಮಾತ್ರ ತೆಲುಗಿಗೆ ತಿರುಗಿಸಿ ಹೇಳುತ್ತಿದ್ದೆ, ಪೂರ್ತಿ ಹೇಳಿದ್ದರೆ ಆಫೀಸು ನಡೆಯುತ್ತಿರಲಿಲ್ಲ.

ಅವರ ಸಿಟ್ಟು ಏರುತ್ತಿದ್ದ ಕಾಲ ಚಳಿಗಾಲ. ಚಂಡಮಾರುತಗಳ ಕಾಲ ಮುಗಿಯಿತು ಎಂದು ಎಲ್ಲರೂ ಕಾಲು ಚಾಚುವ ಹೊತ್ತಿಗೆ ಚೀನಾದ ಒಳನಾಡಿನ ಚಳಿಗಾಳಿ ಒಮ್ಮೆಲೇ ದಕ್ಷಿಣಕ್ಕೆ ನುಗ್ಗಿ, ವಿಯೆಟ್ನಾಮಿನ ಪಕ್ಕದ ಸಮುದ್ರದ ಮೇಲೆ ಬೀಳುತ್ತದೆ. ಆ ಚಳಿಯ ಮುಂಚೂಣಿಗೆ ಕೋಲ್ಡ್ ಫ್ರಂಟ್ ಎನ್ನುತ್ತಾರೆ. ಅಲ್ಲಿನ ನೀರು ಬೆಚ್ಚಗಿರುವುದರಿಂದ ಮೇಲಿನ ಗಾಳಿಯೂ ಬೇಗ ಬೆಚ್ಚಗಾಗುತ್ತದೆ. ಆಚೆಗೂ ಈಚೆಗೂ ಉಷ್ಣತೆಯಲ್ಲಿ ವ್ಯತ್ಯಾಸ ಕಾಣದೆ ನಮ್ಮ ಕಂಪ್ಯೂಟರ್ ನಕಾಶೆಯಲ್ಲಿದ್ದ ಫ್ರಂಟಿನ ಗೆರೆಯನ್ನು ತಾನೇ ಅಳಿಸಿಬಿಡುತ್ತದೆ. ಆದರೆ ಗಾಳಿ ಇರುತ್ತದೆ, ಅದು ಎಬ್ಬಿಸಿದ ಅಲೆ ಇರುತ್ತದೆ.

"ಚಳಿ ಸತ್ತರ ಗಾಳೀನೂ ಸತ್ತಿತು ಅಂತ ಯಾವ ಶ್ಯಾಣ್ಯಾ ಹೇಳಿದ?" ಎಂದು ಅಕ್ಕೋರು ಕೆಂಪು ಪೆನ್ಸಿಲ್ ತೆಗೆದುಕೊಂಡು, ಕಂಪ್ಯೂಟರ್ ಅಳಿಸಿದ ಗೆರೆಯನ್ನು ಕಾಗದದ ಮೇಲೆ ಮತ್ತೆ ಎಳೆಯುತ್ತಿದ್ದರು. ಎಳೆಯುವಾಗ ಪೆನ್ಸಿಲ್ ಮುರಿಯುವುದೂ ಇತ್ತು.

ಅದಕ್ಕಿಂತ ಹೆಚ್ಚು ಅವರನ್ನು ಕೆರಳಿಸುತ್ತಿದ್ದುದು ನಮ್ಮ ಕಸುಬಿನ ಒಂದು ಚಟ. ನಿನ್ನೆ ಇಪ್ಪತ್ತು ನಾಟ್ ವೇಗದ ಗಾಳಿ ಎಂದು ಬರೆದಿದ್ದೇವೆ, ಇವತ್ತು ನೋಡಿದರೆ ಲೆಕ್ಕ ಮೂವತ್ತೆಂಟಕ್ಕೆ, ಅಂದರೆ ಬಿರುಗಾಳಿಗೆ, ಹೋಗಿದೆ. ಹಾಗೆಂದು ಯಾರೂ ಮೂವತ್ತೆಂಟು ಬರೆಯುವುದಿಲ್ಲ. ಬರೆದರೆ ನಿನ್ನೆಯದು ತಪ್ಪಿತ್ತು ಎಂದು ಒಪ್ಪಿಕೊಂಡಂತೆ. ನಾಳೆ ಲೆಕ್ಕ ಮತ್ತೆ ಇಳಿದರೆ ನಗೆಪಾಟಲು. ಆದ್ದರಿಂದ ಇವತ್ತು ಇಪ್ಪತ್ತೈದು, ನಾಳೆ ಮೂವತ್ತು, ಹೀಗೆ ಮೆಟ್ಟಿಲು ಹತ್ತಿಸುತ್ತಾರೆ. ಜಗತ್ತಿನಲ್ಲಿ ಹವಾಮಾನ ಹೇಳುವವರೆಲ್ಲರಿಗೂ ಈ ಚಟ ಇದೆ, ಅದಕ್ಕೆ ಜಾಗರೂಕತೆ ಎಂಬ ಒಳ್ಳೆಯ ಹೆಸರನ್ನೂ ಇಟ್ಟುಕೊಂಡಿದ್ದಾರೆ.

ಒಂದು ಡಿಸೆಂಬರ್ ಮುಂಜಾನೆ ಅದೇ ಆಯಿತು. ವಿಯೆಟ್ನಾಮಿನ ಒಂದು ಬಂದರಿನಿಂದ ನಮ್ಮ ಗಿರಾಕಿಯ ಟಗ್ ದೋಣಿ, ಹಿಂದೆ ಯಂತ್ರ ತುಂಬಿದ ದೊಡ್ಡ ಬಾರ್ಜ್ ಕಟ್ಟಿಕೊಂಡು, ದಕ್ಷಿಣಕ್ಕೆ ಹೊರಡುವುದಿತ್ತು. ಬಾರ್ಜ್‌ಗೆ ತನ್ನದೇ ಎಂಜಿನ್ ಇರುವುದಿಲ್ಲ. ಅಲೆ ಎದ್ದು ಹಗ್ಗ ಹರಿದರೆ ಅದೂ ಹೋಯಿತು, ಹಗ್ಗದ ಹತ್ತಿರ ನಿಂತವರೂ ಹೋದರು. ವರಂಗಲ್‌ನ ನಮ್ಮ ಸಹೋದ್ಯೋಗಿ ನಿನ್ನೆಯ ಇಪ್ಪತ್ತನ್ನು ಇಪ್ಪತ್ತೈದು ಮಾಡಿ ಬುಲೆಟಿನ್ ತಯಾರಿಟ್ಟಿದ್ದ.

ಅಕ್ಕೋರು ಅದನ್ನು ಓದಿ, ಡಬ್ಬಿಯ ಮೇಲಿನ ಪಾದ ಕೆಳಗಿಳಿಸಿದರು. ಪಾದ ನೆಲಕ್ಕೆ ಬಂದರೆ ಯಾರಿಗೋ ಗ್ರಹಚಾರ ಎಂದು ನಮಗೆಲ್ಲ ಗೊತ್ತಿತ್ತು.

"ಇಪ್ಪತ್ತೈದು ಎಲ್ಲಿಂದ ಬಂತಪಾ? ಲೆಕ್ಕ ಮೂವತ್ತೆಂಟು ಅನ್ನಾಕತ್ತೈತಿ. ನೀ ಇಪ್ಪತ್ತೈದು ಯಾಕ ಬರದಿ?"

ಅವನು ಅಭ್ಯಾಸದಂತೆ ನನ್ನ ಮುಖ ನೋಡಿದ, ನಾನು ತೆಲುಗಿಗೆ ತಿರುಗಿಸಿದೆ. ನಿನ್ನೆ ಇಪ್ಪತ್ತಿತ್ತಲ್ಲ, ಅದಕ್ಕೆ ಹೊಂದಿಕೊಳ್ಳಬೇಕಲ್ಲ ಎಂದ.

"ನಿನ್ನಿ ಬುಲೆಟಿನ್ ನೀ ಓದೀದಿ, ನಾ ಓದೀನಿ, ಮ್ಯಾನೇಜರ್ ಓದ್ಯಾನ. ಸಮುದ್ರ ಓದೈತೇನು? ಸಮುದ್ರಕ್ಕ ನಾವು ನಿನ್ನಿ ಏನ್ ಹೇಳಿದ್ವಿ ಅಂತ ಗೊತ್ತೈತೇನು?"

ಗದ್ದಲ ಕೇಳಿ ಮ್ಯಾನೇಜರ್ ಬಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಸ್ಸೀಮ. ನಗುನಗುತ್ತಲೇ, "ಮೇಡಂ, ಥೋಡಾ ಥೋಡಾ ಬಢಾಯಿಯೇ ನಾ" ಎಂದ. ಸ್ವಲ್ಪ ಸ್ವಲ್ಪವೇ ಏರಿಸಿ, ಗಿರಾಕಿ ಗಾಬರಿಯಾಗುತ್ತಾನೆ, ಇಪ್ಪತ್ತೆಂಟು ಹಾಕೋಣ ಎಂದು ಹಿಂದಿಯಲ್ಲೇ ಹೇಳಿದ.

"ಇದೇನು ಮೋಂಡಾ ಮಾರ್ಕೆಟ್ಟಾ, ಟೊಮ್ಯಾಟೊ ಚೌಕಾಸಿ ಮಾಡಾಕ?" ಎಂದು ಅಕ್ಕೋರು ಕನ್ನಡದಲ್ಲೇ ಕೇಳಿದರು. ಅವನಿಗೆ ಮಾರ್ಕೆಟ್ಟು ಒಂದೇ ಅರ್ಥವಾಗಿರಬೇಕು. ಅಷ್ಟೇ ಸಾಕಾಯಿತು. ಅಕ್ಕೋರು ಮೂವತ್ತೆಂಟು ಬರೆದು, ಟಗ್ ಬಂದರು ಬಿಡಬಾರದು ಎಂದು ಕೆಳಗೆ ಸೇರಿಸಿ, ತಮ್ಮ ಸಹಿ ಹಾಕಿ ಕಳಿಸಿದರು. ಸಂಜೆಯವರೆಗೂ ಗಿರಾಕಿಯ ಕಡೆಯವನು ಫೋನಿನಲ್ಲಿ ಕೂಗಾಡಿದ. ಬಂದರಿನಲ್ಲಿ ಬಿಸಿಲು ಬಿದ್ದಿದೆ, ನೀರು ತಟ್ಟೆಯಂತೆ ಇದೆ, ನಿಮಗೆ ಬುದ್ಧಿ ಇದೆಯೇ ಎಂದ. ಅಕ್ಕೋರು ರಿಸೀವರ್ ಕಿವಿಯಿಂದ ದೂರ ಹಿಡಿದು ಚುರುಮುರಿ ತಿನ್ನುತ್ತಿದ್ದರು.

ಮರುದಿನ ಟಗ್‌ನ ಕ್ಯಾಪ್ಟನ್ನೇ ಫೋನ್ ಮಾಡಿದ. ಕಟ್ಟೆಯ ಮೇಲೆ ನಿಲ್ಲಲೂ ಆಗುತ್ತಿಲ್ಲ, ಅಲೆ ಗೋಡೆ ದಾಟಿ ಈಚೆ ಬೀಳುತ್ತಿದೆ, ನನ್ನ ಜನರೆಲ್ಲ ಸುರಕ್ಷಿತವಾಗಿ ಒಳಗಿದ್ದಾರೆ ಎಂದ. ಹಿಂದೆ ಗಾಳಿಯ ಸದ್ದು ನಮಗೂ ಕೇಳುತ್ತಿತ್ತು. ವರಂಗಲ್‌ನವನು ಚಪ್ಪಾಳೆ ತಟ್ಟಿದ, ಅದಕ್ಕೂ ಬೈಸಿಕೊಂಡ. ಆಮೇಲೆ ಕಂಪನಿ ಹೊರಡಿಸಿದ ಹೊಗಳಿಕೆಯ ಪತ್ರದಲ್ಲಿ ನಮ್ಮ ಸಾಫ್ಟ್‌ವೇರಿನ ಹೆಸರಿತ್ತು. ಫ್ರಂಟಿನ ಗೆರೆ ಅಳಿಸುವುದೇ ಆ ಸಾಫ್ಟ್‌ವೇರು! ಅಕ್ಕೋರ ಹೆಸರು ಎಲ್ಲಿಯೂ ಇರಲಿಲ್ಲ. ನಾನು ಕುದಿದೆ. ಅಕ್ಕೋರು ಮಾತ್ರ, "ಹೋಗ್ಲಿ ಬಿಡವ್ವಾ, ಮಂದಿ ಒಳಗದಾರಲ್ಲ" ಎಂದರು.

ಇನ್ನು ನನ್ನ ಸಿಟ್ಟಿನ ಕಾರಣಕ್ಕೆ ಬರುತ್ತೇನೆ.

ನಾವಿಬ್ಬರೂ ಮಿಯಾಪುರದ ಒಂದೇ ಅಪಾರ್ಟ್‌ಮೆಂಟಿನವರು. ಅಕ್ಕೋರು ಅಲ್ಲಿ ತಂಗಿಯ ಜೊತೆ ಇದ್ದರು. ದಿನವೂ ಕೂಡಿ ಮೆಟ್ರೋದಲ್ಲಿ ಹೊರಟು, ಅಮೀರ್‌ಪೇಟ್‌ನಲ್ಲಿ ಇಳಿದು, ಮಾದಾಪುರದ ರೈಲು ಹಿಡಿಯುತ್ತಿದ್ದೆವು. ಅಮೀರ್‌ಪೇಟ್‌ನಲ್ಲಿ ರೈಲು ಬದಲಿಸಲು ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಹೋಗಬೇಕು. ಮೊದಲ ವರ್ಷ ಅಕ್ಕೋರು ಮೆಟ್ಟಿಲಲ್ಲೇ ನನಗಿಂತ ಮುಂದೆ ಹೋಗಿ, ಹುಡುಗೇರಿಗೆ ದಮ್ಮಿಲ್ಲ ಎಂದು ಛೇಡಿಸುತ್ತಿದ್ದರು. ಆಮೇಲೆ ಎಸ್ಕಲೇಟರ್ ಹಿಡಿದರು. ಆಮೇಲೆ ಅದರಿಂದ ಇಳಿದ ಮೇಲೂ ಫೋನ್ ನೋಡುವ ನೆಪ ಮಾಡಿ ನಿಲ್ಲತೊಡಗಿದರು. ಆಮೇಲೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಒಂದು ರೈಲು ಬಿಡತೊಡಗಿದರು.

"ಏನಾಗೈತ್ರಿ ಅಕ್ಕೋರ?" ಎಂದು ಕೇಳಿದರೆ ಒಂದೇ ಉತ್ತರ. "ಏನಿಲ್ಲ ತಂಗಿ. ನಿನ್ನಿಗಿಂತ ಒಂಚೂರು ಜಾಸ್ತಿ, ಅಷ್ಟ."

ಮರುದಿನ ಕೇಳಿದರೂ ಅದೇ. ಅದರ ಮರುದಿನವೂ ಅದೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ!

ನಾನು ಸುಮ್ಮನಿದ್ದವಳಲ್ಲ. ಡಾಕ್ಟರ ಹತ್ತಿರ ಹೆಸರು ಬರೆಸಿದೆ, ಬರಲಿಲ್ಲ. "ಸೀಜನ್ ಮುಗೀಲಿ ತಡಿ" ಎಂದರು. ಅವರ ತಂಗಿಗೆ ಹೇಳಿದೆ, ತಂಗಿಯೂ ಬೈಸಿಕೊಂಡರು. ಕೊನೆಗೊಂದು ದಿನ ಅದೇ ಬೆಂಚಿನ ಮುಂದೆ ನಿಂತು ಅವರ ಮಾತನ್ನು ಅವರಿಗೇ ತಿರುಗಿಸಿದೆ. "ಅಕ್ಕೋರ, ನಿನ್ನಿ ಲೆಕ್ಕ ಬಿಡ್ರಿ. ಹೋದ ವರ್ಷ ನೀವು ಈ ಮೆಟ್ಟಲ ಓಡಿ ಹತ್ತತಿದ್ರಿ. ಇವತ್ತ ಕುಂತೀರಿ. ಅಷ್ಟ ನೋಡ್ರಿ."

ಅವರ ಮುಖ ಕೆಂಪಾಯಿತು. ಮರುದಿನ ಜೋಳದ ರೊಟ್ಟಿ, ಎಣ್ಣೆಗಾಯಿ ಕಟ್ಟಿಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟು, "ತಿನ್ನು, ಬಾಯಿ ಮುಚ್ಚಿರ್ತದ" ಎಂದರು. ತಿಂದೆ. ಸಿಟ್ಟಿನಲ್ಲಿಯೂ ಅದು ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಜನವರಿಯಲ್ಲಿ ಒಂದು ಮುಂಜಾನೆ ಆ ಬೆಂಚಿನಿಂದ ಅವರು ಏಳಲಿಲ್ಲ. ಗಾಲಿಕುರ್ಚಿ ತರಿಸಿ ಆಸ್ಪತ್ರೆಗೆ ಒಯ್ದೆವು. ಹೃದಯ ಸೋತು ಬಹಳ ದಿನವಾಗಿತ್ತು, ಪಾದದಲ್ಲಿ ತುಂಬಿದ್ದ ನೀರು ಈಗ ಶ್ವಾಸಕೋಶದಲ್ಲೂ ತುಂಬಿತ್ತು. ಡಾಕ್ಟರಮ್ಮ ಪಾದವನ್ನು ಬೆರಳಿನಿಂದ ಒತ್ತಿ ನೋಡಿ, ಈ ಬಾವು ಯಾವಾಗ ಶುರುವಾಯಿತು ಎಂದು ತೆಲುಗಿನಲ್ಲಿ ಕೇಳಿದರು. ಮುಖದ ಮೇಲಿನ ಮಾಸ್ಕನ್ನು ಸರಿಸಿ ಅಕ್ಕೋರು, "ನಿನ್ನಟಿಕಂಟೆ ಕೊಂಚೆಂ ಎಕ್ಕುವ" ಎಂದರು. ನಿನ್ನೆಗಿಂತ ಸ್ವಲ್ಪ ಜಾಸ್ತಿ.

"ನಿನ್ನೆಯದು ಕೇಳಲಿಲ್ಲಮ್ಮಾ, ಶುರುವಾದದ್ದು ಯಾವಾಗ?" ಎಂದು ಡಾಕ್ಟರಮ್ಮ ಮತ್ತೆ ಕೇಳಿದರು. ಅಕ್ಕೋರು ನನ್ನ ಕಡೆ ನೋಡಿದರು. ಸಿಕ್ಕಿಬಿದ್ದವರ ನೋಟ ಅದು.

ಮರುದಿನ ನನ್ನನ್ನು ಒಳಗೆ ಬಿಟ್ಟಾಗ ಅಕ್ಕೋರು ಮೊದಲು ಕೇಳಿದ್ದು ಸಮುದ್ರದ ಸುದ್ದಿಯನ್ನೇ. "ಹೊಸ ಚಳಿಗಾಳಿ ಎಲ್ಲೀತನಕ ಬಂತು?"

"ಸಮುದ್ರ ಹಾಳಾಗಿ ಹೋಗ್ಲಿ ಅಕ್ಕೋರ" ಎಂದೆ. ನಿಜವಾಗಿಯೂ ಹಾಗೇ ಅನಿಸಿತ್ತು.

ಅವರು ಮಾಸ್ಕಿನೊಳಗೇ ನಕ್ಕರು. "ಹೋಗಂಗಿಲ್ಲವ್ವಾ. ಅದು ಯಾರ ಮಾತೂ ಕೇಳಂಗಿಲ್ಲ."

ಆ ಸಂಜೆ ತೀರಿಕೊಂಡರು. ಆಫೀಸಿನಲ್ಲಿ ಫೋಟೋ ಇಟ್ಟು, ಹೂವು ಹಾಕಿ, ಮೇಡಂ ನಮಗೆ ತಾಯಿಯಂತಿದ್ದರು ಎಂದು ಮ್ಯಾನೇಜರ್ ಕಣ್ಣೊರೆಸಿಕೊಂಡ. ಡಬ್ಬಿಯ ಮೇಲಿನ ಆ ಪಾದಗಳನ್ನು ಅವನೂ ದಿನಾ ನೋಡಿದ್ದ.

ಆಸ್ಪತ್ರೆಯವರು ಅವರ ಸಾಮಾನನ್ನು ಒಂದು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ದರು. ಒಳಗೆ ಆ ಕಂದು ಚಪ್ಪಲಿ. ಪಟ್ಟಿಯಲ್ಲಿ ಒಂದೊಂದು ರಂಧ್ರದ ಸುತ್ತಲೂ ಬಕಲ್ ಒತ್ತಿದ ಗುರುತಿತ್ತು. ಬಿಗಿಯಿಂದ ಸಡಿಲಕ್ಕೆ, ಒಂದಾದ ಮೇಲೆ ಒಂದು ಸರಿಸುತ್ತ ಬಂದಿದ್ದರು. ಅಂಗಡಿಯವರು ಮಾಡಿದ ರಂಧ್ರಗಳು ಮುಗಿದ ಮೇಲೆ, ಪಟ್ಟಿಯ ತುದಿಯಲ್ಲಿ ಮೊಳೆಯಿಂದ ಚುಚ್ಚಿದ ಇನ್ನೊಂದು ರಂಧ್ರ ಇತ್ತು. ಅದನ್ನು ಅವರೇ ಕೂತು ಚುಚ್ಚಿಕೊಂಡಿದ್ದರು. ಆಸ್ಪತ್ರೆಯ ವರಾಂಡದಲ್ಲಿ, ಅವರ ತಂಗಿ ನೋಡುತ್ತಿರುವಾಗಲೇ, ನಾನು ಆ ಚಪ್ಪಲಿಗೆ ಬಾಯಿಗೆ ಬಂದಂತೆ ಬೈದೆ. ಕನ್ನಡದಲ್ಲೇ ಬೈದೆ.

ಈಗ ಚಳಿಗಾಲದ ಪಾಳಿ ನನ್ನದು. ಲೆಕ್ಕ ಹಾರಿದರೆ ನಾನೂ ಹಾರುತ್ತೇನೆ. ಮ್ಯಾನೇಜರ್ ಥೋಡಾ ಥೋಡಾ ಎಂದು ಬಂದರೆ ನಿನ್ನೆಯ ಬುಲೆಟಿನ್ನನ್ನು ಸಮುದ್ರ ಓದಿದೆಯೇ ಎಂದು ಕೇಳುತ್ತೇನೆ. ಅಕ್ಕೋರ ಬಾಯಿ ನಿಮಗೆ ಬಂದಿದೆ ಎಂದು ವರಂಗಲ್‌ನವನು ಹೇಳುತ್ತಾನೆ. ಬಂದಿರಬೇಕು, ಅವರ ಋಣ ತೀರಿಸಲು ನನ್ನ ಬಳಿ ಬೇರೇನೂ ಇಲ್ಲ. ಅಮೀರ್‌ಪೇಟ್‌ನಲ್ಲಿ ರೈಲು ಬದಲಿಸುವಾಗ ಮಾತ್ರ ಆ ಬೆಂಚಿನ ಮುಂದೆ ಒಂದು ಗಳಿಗೆ ನಿಲ್ಲುತ್ತೇನೆ. ದಿನ ಕಳೆದಂತೆ ಸಿಟ್ಟು ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ ಎಂದು ಅವರ ತಂಗಿ ಸಮಾಧಾನ ಹೇಳುತ್ತಾರೆ.

"ಇಲ್ರಿ ಅಕ್ಕೋರ," ಎಂದು ಬೆಂಚಿಗೆ ಹೇಳುತ್ತೇನೆ. "ನಿನ್ನಿ ಎಷ್ಟಿತ್ತೋ ಇವತ್ತೂ ಅಷ್ಟ ಐತಿ."