ಯಾವ ವಿಭಾಗಕ್ಕೂ ಸೇರದ ಮೇಷ್ಟ್ರು

ನಾನು ಓದಿದ ಹೈಸ್ಕೂಲಿಗೆ ಐವತ್ತು ತುಂಬಿದ ಸಮಾರಂಭಕ್ಕೆ ಒಂದು ಗಂಟೆ ಮುಂಚೆ ಹೋಗಿದ್ದೇ ತಪ್ಪಾಯಿತು. ಹೊತ್ತು ಕಳೆಯಲೆಂದು ವರಾಂಡದ ಬೆಂಚಿನ ಮೇಲೆ ಕೂತೆ. ಏಳಹೋದರೆ ಬೆಂಚು ನನ್ನನ್ನು ಸುಲಭಕ್ಕೆ ಬಿಡಲಿಲ್ಲ. ಹಸಿರು ಬಣ್ಣ ಬಳಿದು ಇನ್ನೂ ಎರಡು ಗಂಟೆಯಾಗಿರಲಿಲ್ಲವಂತೆ. ಎಚ್ಚರಿಕೆಯ ಚೀಟಿ ಅಂಟಿಸಿದ್ದರು. ನಾನು ಕೂತಿದ್ದು ಅದರ ಮೇಲೆಯೇ. ಬಿಳಿ ಪ್ಯಾಂಟಿನ ಹಿಂಭಾಗದಲ್ಲಿ ಮೂರು ಅಡ್ಡ ಪಟ್ಟೆ.

ಶಾಲೆಯ ಆಡಳಿತದವರಿಗೆ, ಅಧ್ಯಾಪಕರಿಗೆ, ಒಂದೊಂದು ವಿಭಾಗಕ್ಕೂ ಹಳೆಯ ವಿದ್ಯಾರ್ಥಿಗಳ ಪರವಾಗಿ ಕೃತಜ್ಞತೆ ಹೇಳುವ ಪುಟವನ್ನು ಸ್ಮರಣ ಸಂಚಿಕೆಗೆ ಬರೆದವನು ನಾನು. ಅದನ್ನು ವೇದಿಕೆಯ ಮೇಲೆ ಓದಬೇಕಾದವನೂ ನಾನೇ. ಪತ್ರಿಕೆಗಳಿಗೆ ನಗೆಬರಹ ಗೀಚುವವನಿಗೆ ಇಂಥ ಮರ್ಯಾದೆ ಸಿಗುವುದು ಅಪರೂಪ. ಬಿಳಿ ಪ್ಯಾಂಟು ಹಾಕಿದ್ದು ಅದಕ್ಕೇ.

ಮುಖ್ಯೋಪಾಧ್ಯಾಯಿನಿ ಒಮ್ಮೆ ನನ್ನ ಹಿಂದೆ ಬಂದು ನೋಡಿ, ನಗು ನುಂಗಿಕೊಂಡು, ಕ್ರಾಫ್ಟ್ ಕೋಣೆಯ ಕಡೆ ಕೈ ತೋರಿಸಿದರು.

ಅಲ್ಲಿ ನಮ್ಮ ಬದಲಿ ಮೇಷ್ಟ್ರು ಇದ್ದರು. ಮೂವತ್ತೈದು ವರ್ಷದ ಹಿಂದೆ ಇದ್ದ ಹಾಗೆಯೇ, ಕೂದಲೊಂದನ್ನು ಬಿಟ್ಟು. ಏನಾಯಿತೆಂದು ಕೇಳಲಿಲ್ಲ. "ಬಿಚ್ಚಪ್ಪ" ಎಂದು ಒಂದು ಟವೆಲು ಎಸೆದು, ಟರ್ಪೆಂಟೈನ್ ಡಬ್ಬಿ ಹುಡುಕತೊಡಗಿದರು.

ಅವರು ಸೇರಿದ್ದು ಕ್ರಾಫ್ಟ್ ಮೇಷ್ಟ್ರಾಗಿ; ರಟ್ಟು ಕತ್ತರಿಸುವುದು, ಪುಸ್ತಕ ಹೊಲಿಯುವುದು ಕಲಿಸುತ್ತಿದ್ದರು. ವಾರಕ್ಕೆ ನಾಲ್ಕೇ ಪೀರಿಯಡ್ಡು. ಹಾಗಾಗಿ ಯಾರು ರಜೆ ಹಾಕಿದರೂ ಆ ತರಗತಿಗೆ ಇವರನ್ನು ಕಳಿಸುತ್ತಿದ್ದರು. ಬದಲಿಗೆ ಬಂದವರು ಸಾಮಾನ್ಯವಾಗಿ "ಸದ್ದು ಮಾಡಬೇಡಿ" ಎಂದು ಪೇಪರ್ ಬಿಡಿಸುತ್ತಾರೆ. ಇವರು ಹಾಗಲ್ಲ. ಪಾಠ ಎಲ್ಲಿಗೆ ನಿಂತಿದೆ ಎಂದು ಕೇಳಿ, ಅಲ್ಲಿಂದಲೇ ಶುರು ಮಾಡುತ್ತಿದ್ದರು. ರಜೆ ಮುಗಿಸಿ ಬಂದ ಮೇಷ್ಟ್ರ ಮೇಜಿನ ಮೇಲೆ ಒಂದು ಚೀಟಿ ಇರುತ್ತಿತ್ತು: ಅಕ್ಷಾಂಶ ಮುಗಿಯಿತು, ರೇಖಾಂಶ ಅರ್ಧ, ಕಿಟಕಿ ಸಾಲಿನವರಿಗೆ ಇನ್ನೊಮ್ಮೆ ಹೇಳಬೇಕು. ರಿಸಲ್ಟ್ ಬಂದಾಗ ಹೆಸರು ಮಾತ್ರ ಆಯಾ ವಿಭಾಗಕ್ಕೆ.

ಒಂಬತ್ತನೆಯ ತರಗತಿಯಲ್ಲಿ ನಮ್ಮ ಗಣಿತದ ಮೇಷ್ಟ್ರು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಅವರು ಮನೆಯಲ್ಲಿದ್ದ ಒಂದೂವರೆ ತಿಂಗಳು ಇವರೇ ಬಂದರು. ರಟ್ಟಿನ ಎರಡು ತಟ್ಟೆಗೆ ದಾರ ಕಟ್ಟಿ ತಕ್ಕಡಿ ಮಾಡಿದರು. ಒಂದು ಕಡೆ ಸೀಮೆಸುಣ್ಣ, ಇನ್ನೊಂದು ಕಡೆ ಮುಚ್ಚಿದ ಬೆಂಕಿಪೊಟ್ಟಣ. "ಎಕ್ಸ್ ಅಂದ್ರೆ ದೆವ್ವ ಅಲ್ಲ ಕಣ್ರೋ, ಇನ್ನೂ ತೆಗೀದೆ ಇರೋ ಪೊಟ್ಟಣ" ಎಂದರು. ನನ್ನ ಜನ್ಮದಲ್ಲಿ ಅರ್ಥವಾದ ಗಣಿತ ಅಷ್ಟೇ.

ಪ್ಯಾಂಟು ಉಜ್ಜುತ್ತಾ, ಬರುವ ತಿಂಗಳ ಕೊನೆಗೆ ನಿವೃತ್ತಿ ಎಂದರು. ಕ್ರಾಫ್ಟ್ ವಿಷಯವನ್ನೇ ಒಂಬತ್ತು ವರ್ಷದ ಹಿಂದೆ ತೆಗೆದುಹಾಕಿದ್ದಾರಂತೆ. ಅಂದಿನಿಂದ ಬದಲಿಯೇ ಕೆಲಸ. ನಾನು ಟವೆಲು ಬಿಗಿಹಿಡಿದು, ಸಂಚಿಕೆಯಲ್ಲಿ ನನ್ನ ಬರಹವಿದೆ, ಬಿಡುವಾದಾಗ ಓದಿ ಎಂದು ಜಂಬ ಕೊಚ್ಚಿದೆ.

"ಓದಿದೀನಿ. ಮುನ್ನೂರು ಪ್ರತೀನೂ ಹೊಲಿದದ್ದು ನಾನೇ."

ಅವರ ಹೆಸರು ಬರೆದಿದ್ದೇನೆಯೇ ಎಂದು ಆಗ ಅನುಮಾನ ಬಂತು. ಮೂಲೆಯ ಕಟ್ಟಿನಿಂದ ಒಂದು ಪ್ರತಿ ಎಳೆದುಕೊಂಡೆ. ಆಫೀಸಿನವರು ವಿಭಾಗವಾರು ಹೆಸರಿನ ಪಟ್ಟಿ ಕಳಿಸಿದ್ದರು. ಅದನ್ನು ಹಾಗೇ ಇಳಿಸಿ, ನಡುನಡುವೆ ಜೋಕು ಸೇರಿಸಿದ್ದೆ. ಮುಖ್ಯೋಪಾಧ್ಯಾಯಿನಿಯಿಂದ ಹಿಡಿದು ಗಂಟೆ ಹೊಡೆಯುವವನವರೆಗೆ ಎಲ್ಲರೂ ಇದ್ದರು. ಎಲ್ಲ ವಿಭಾಗಕ್ಕೂ ಪಾಠ ಮಾಡಿದವರು ಯಾವ ವಿಭಾಗದಲ್ಲೂ ಇರಲಿಲ್ಲ. ಸಾಲದ್ದಕ್ಕೆ ಆ ತಕ್ಕಡಿಯ ಕತೆಯನ್ನು ಪೂರಾ ಗಣಿತ ವಿಭಾಗದ ಲೆಕ್ಕಕ್ಕೆ ಬರೆದುಬಿಟ್ಟಿದ್ದೆ. ಗಣಿತ ತಾನೇ, ಗಣಿತದ ಮೇಷ್ಟ್ರೇ ಹೇಳಿಕೊಟ್ಟಿರಬೇಕು ಎಂದು ನನ್ನ ಬುದ್ಧಿ ತೀರ್ಮಾನಿಸಿತ್ತು. ಮುಂದಿನ ಸಂಚಿಕೆ ಬರುವುದು ಶಾಲೆಗೆ ನೂರು ತುಂಬಿದಾಗ.

ವೇದಿಕೆಯ ಮೇಲೆ ಎಲ್ಲ ಸರಿಮಾಡುತ್ತೇನೆಂದು ಮಾತು ಕೊಟ್ಟೆ. ಅವರು ಪ್ಯಾಂಟು ಕೈಗಿಟ್ಟು, "ಪೂರ್ತಿ ಒಣಗಿಲ್ಲ, ನಿಂತ್ಕೊಂಡೇ ಇರು" ಎಂದರು.

ಸರಿಮಾಡಬೇಕೆಂದೇ ಹೋದೆ. ತಕ್ಕಡಿಯ ಭಾಗ ಬಂದಾಗ ಸಭೆಯ ಮುಂದಿನ ಸಾಲು ಕಣ್ಣಿಗೆ ಬಿತ್ತು. ನಮ್ಮ ಗಣಿತದ ಮೇಷ್ಟ್ರು, ಎಂಬತ್ತರ ಹತ್ತಿರದವರು, ಕಿವಿಗೆ ಕೈ ಅಡ್ಡ ಹಿಡಿದು ಕೇಳುತ್ತಿದ್ದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದು ನೀವಲ್ಲ ಸರ್, ನೀವಾಗ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿದ್ದಿರಿ ಎಂದು ಮೈಕಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಕೊನೆಯಲ್ಲಿ ಹೇಳೋಣ ಎಂದುಕೊಂಡೆ. ಕೊನೆಯಲ್ಲಿ ಚಪ್ಪಾಳೆ ಬಿತ್ತು. ಮನೆಯಲ್ಲಿ ನನ್ನ ಜೋಕಿಗೆ ಹೆಂಡತಿಯೂ ನಗುವುದಿಲ್ಲ. ಇನ್ನೂರು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರೆ ಏನು ಮಾಡಬೇಕೆಂದೇ ಗೊತ್ತಿರಲಿಲ್ಲ. ಕೈಮುಗಿದೆ, ಇಳಿದುಬಿಟ್ಟೆ. ಇಷ್ಟು ವರ್ಷದಲ್ಲಿ ಬರೆದ ಕೆಟ್ಟ ಜೋಕುಗಳ ಬಗ್ಗೆ ನನಗೆ ಇಷ್ಟು ನಾಚಿಕೆಯಾದದ್ದಿಲ್ಲ.

ಗಣಿತದ ಮೇಷ್ಟ್ರು ನನ್ನ ಕೈ ಹಿಡಿದು ಬಿಡಲೇ ಇಲ್ಲ. "ಆ ತಕ್ಕಡಿ ನನಗೇ ನೆನಪಿಲ್ಲ ನೋಡು. ನೀನು ನೆನಪಿಟ್ಕೊಂಡಿದೀಯ."

ಹೂಂ ಎಂದೆ. ಅದು ಇನ್ನೊಂದು ತಪ್ಪು.

ಬದಲಿ ಮೇಷ್ಟ್ರು ಹಿಂದಿನ ಬಾಗಿಲಲ್ಲಿ ನಿಂತು, ಹೊರಡುವವರ ಕೈಗೆ ಒಂದೊಂದು ಸಂಚಿಕೆ ಕೊಡುತ್ತಿದ್ದರು. ಒಬ್ಬಾಕೆ ಅವರು ಕೊಟ್ಟ ಪ್ರತಿಯನ್ನು ತಿರುಗಿಸಿ ನೋಡಿ, ಬೈಂಡಿಂಗ್ ಗಟ್ಟಿಯಾಗಿದೆ, ಎಲ್ಲಿ ಮಾಡಿಸಿದಿರಿ ಎಂದು ಕೇಳಿದಳು. ಇಲ್ಲೇ ಎಂದರು. ಜನ ಕರಗುವ ತನಕ ಕಾದು ಹತ್ತಿರ ಹೋದೆ. ಕ್ಷಮೆ ಕೇಳಿದೆ. ಅವರು ಮಿಕ್ಕ ಪ್ರತಿಗಳನ್ನು ಅಂಚು ಸರಿಮಾಡಿ ಜೋಡಿಸುತ್ತಲೇ ಇದ್ದರು. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತಡೆಯಲಾರದೆ ಕೇಳಿದೆ:

"ಅಚ್ಚಾಗಿ ಬಂದ ಹಾಳೆ ಮೊದಲು ನಿಮ್ಮ ಕೈಗೇ ಬಂದಿತ್ತಲ್ಲ ಸರ್. ಹೆಸರಿಲ್ಲ ಅಂತ ನೋಡಿದ್ರಿ. ಆಗಲೇ ಹೆಡ್ ಮೇಡಂಗೆ ಒಂದು ಮಾತು ಯಾಕೆ ಹೇಳಲಿಲ್ಲ?"

"ಹೇಳೋಣ ಅಂತ ಹೊರಟಿದ್ದೆ" ಎಂದರು. "ಅಷ್ಟರಲ್ಲಿ ಸಮಾಜದ ಮೇಡಂ ರಜಾ ಅಂತ ಚೀಟಿ ಬಂತು. ಎರಡನೇ ಪೀರಿಯಡ್ಡು ನಂದಾಯ್ತು."