ಪಲ್ಲವಿಯಿಂದ ತೆಗೆದ ಹೆಸರು

ಲಿಫ್ಟ್ ಗಕ್ಕನೆ ನಿಂತಿತು. ಬಾಗಿಲು ಎರಡು ಬೆರಳಿನಷ್ಟು ತೆರೆದು ಸಿಕ್ಕಿಕೊಂಡಿತು. ಒಳಗೆ ನಾನು ಮತ್ತು ನನ್ನ ಇಪ್ಪತ್ತು ವರ್ಷದ ಮಗಳು ಶರಲ್. ಕ್ರಿಸ್ತನಲ್ಲಿ ಪ್ರಿಯರೇ, ಇದು ನನ್ನ ಸಾಕ್ಷಿ.

ನಾವು ಉಡುಪಿ ಕಡೆಯ ಕಥೋಲಿಕರು. ಇಂಗ್ಲಿಷರ ನಾಡಿನ ಹೌನ್ಸ್ಲೋದಲ್ಲಿ ನೆಲೆಸಿ ಹದಿನೆಂಟು ವರ್ಷವಾಯಿತು. ಶರಲ್ ಇಂಗ್ಲಿಷಿನಲ್ಲಿ ಭಕ್ತಿಗೀತೆ ಬರೆದು, ಗಿಟಾರ್ ಹಿಡಿದು ಪಾಪ್ ಧಾಟಿಯಲ್ಲಿ ಹಾಡುತ್ತಾಳೆ. ಎರಡು ವರ್ಷ ರೇಡಿಯೋ ಕೇಂದ್ರಗಳಿಗೆ ಹಾಡು ಕಳಿಸಿದಳು. ದನಿ ಚೆನ್ನಾಗಿದೆ, ಆದರೆ ಇಂಥದ್ದು ನಮ್ಮ ಕೇಳುಗರಿಗಲ್ಲ ಎಂದೇ ಎಲ್ಲರ ಉತ್ತರ. ಕೊನೆಗೆ ಒಂದು ಕೇಂದ್ರದ ನಿರ್ಮಾಪಕಿ ಹೆಲೆನ್ ಫೋನ್ ಮಾಡಿದರು. ಪಲ್ಲವಿಯಲ್ಲಿ ಮೂರು ಕಡೆ ಬರುವ ಯೇಸುವಿನ ಹೆಸರು ತೆಗೆದು ‘ಯೂ’ ಎಂದು ಹಾಡಿದರೆ ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಹಾಕಬಹುದು ಎಂದರು.

ಶರಲ್ ಒಪ್ಪಲಿಲ್ಲ. ಒಪ್ಪಿಸಿದವಳು ನಾನು.

“ಒಂದು ಶಬ್ದಕ್ಕೆ ಎಂತ ಹಟ ಮಾರಾಯ್ತಿ ನಿಂದು? ಯಾರಿಗೆ ಹಾಡಿದ್ದು ಅಂತ ದೇವರಿಗೆ ಗೊತ್ತಾಗುದಿಲ್ವಾ?”

“ದೆನ್ ಯೂ ಸಿಂಗ್ ಇಟ್, ಮಮ್ಮಿ,” ಎಂದು ಮುಖ ತಿರುಗಿಸಿದಳು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಒಂದು ಮಂಗಳವಾರ ಹಾಡು ರೆಕಾರ್ಡ್ ಮಾಡಿಸಲು ರೇಡಿಯೋ ಕೇಂದ್ರಕ್ಕೆ ಹೊರಟೆವು. ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಕೆಳಗೆ ರಿಸೆಪ್ಶನ್ನಿನಲ್ಲಿ ಬ್ಯಾಗ್ ಬಿಟ್ಟು ಹೋಗಿ ಎಂದರು, ಬಿಟ್ಟೆವು. ಅವಳ ಉಬ್ಬಸದ ಇನ್‌ಹೇಲರ್ ಅದರಲ್ಲೇ ಉಳಿಯಿತು.

ಲಿಫ್ಟಿನ ಅಲಾರ್ಮ್ ಒತ್ತಿದಾಗ ಒಂದು ದನಿ, “ನಲವತ್ತು ನಿಮಿಷದಲ್ಲಿ ಮೆಕ್ಯಾನಿಕ್ ಬರುತ್ತಾರೆ,” ಎಂದಿತು. ಉಬ್ಬಸದ ವಿಷಯ ಹೇಳುವ ಮೊದಲೇ ಲೈನ್ ಕಟ್ಟಾಯಿತು. ಮತ್ತೆ ಒತ್ತಿದರೆ ಕಾಯುವವರಿಗೆ ಹಾಕುವ ಸಂಗೀತವಷ್ಟೇ. ನನ್ನ ಫೋನಿಗೆ ಸಿಗ್ನಲ್ ಇಲ್ಲ. ಶರಲ್ ಎದೆ ಹಿಡಿದು ನೆಲಕ್ಕೆ ಕುಸಿದಳು.

“ಮಮ್ಮಿ, ಐ ಕಾಂಟ್...”

ನಾನು ಎಂ.ಎಸ್ಸಿ. ಓದಿದವಳು. ಅವಳ ತುಟಿ ನೀಲಿಯಾಗುವುದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಅದೇ ಇನ್ನಷ್ಟು ಹೆದರಿಸಿತು. ಬಾಗಿಲು ಬಡಿದೆ, ಕೂಗಿದೆ. ಯಾರೂ ಬರಲಿಲ್ಲ. ಪ್ರಾರ್ಥಿಸೋಣವೆಂದರೆ ದಿನವೂ ಹೇಳುವ ‘ನಮೋ ಮರಿಯ’ ಜಪ ಕೂಡ ಅರ್ಧಕ್ಕೇ ಮರೆತುಹೋಯಿತು. ಬಾಯಿಗೆ ಬಂದದ್ದು ಅವಳ ಹಾಡೊಂದೇ. ಸಾಲು ಮುಗಿದಲ್ಲೆಲ್ಲ ಅವಳು ಉಸಿರೆಳೆದುಕೊಳ್ಳಲಿ ಎಂದು ನಿಧಾನವಾಗಿ ಹಾಡತೊಡಗಿದೆ. ವಾರದಿಂದ ಮನೆಯಲ್ಲಿ ಕೇಳಿದ ಹಾಗೆ ‘ಯೂ’ ಎಂದೇ ಹಾಡಿದೆ.

ಶರಲ್ ನನ್ನ ಮಣಿಕಟ್ಟು ಹಿಡಿದು ತಲೆಯಾಡಿಸಿದಳು. ಬೇಡ. ಸದ್ದಿಲ್ಲದ ತುಟಿಗಳು ‘ಜೀಸಸ್’ ಎಂದವು.

‘ಸ್ವಾಮೀ, ನಿನ್ನ ಹೆಸರು ತೆಗೆಸಿದ್ದು ನಾನು, ಶಿಕ್ಷೆ ಮಗುವಿಗೆ ಬೇಡ,’ ಎಂದು ಮನಸ್ಸಿನಲ್ಲೇ ಅತ್ತು, ಆ ಹೆಸರನ್ನು ಇದ್ದ ಜಾಗದಲ್ಲೇ ಇಟ್ಟು, ಗಂಟಲು ಹರಿಯುವಂತೆ ಹಾಡಿದೆ. ಎಷ್ಟು ಸಲವೋ ತಿಳಿಯದು.

“ಯಾರದು ಹಾಡುವುದು? ಶರಲ್?” ಬಾಗಿಲ ಸಂದಿಯಲ್ಲಿ ಹೆಂಗಸಿನ ದನಿ. ಹೆಲೆನ್!

“ಇನ್‌ಹೇಲರ್! ಕೆಳಗೆ ಬ್ಯಾಗಿನಲ್ಲಿದೆ, ಓಡಿ!” ಎಂದು ಕಿರುಚಿದೆ.

ಅವರು ಮೆಟ್ಟಿಲಿಳಿದು ಹತ್ತಿ ಬರುವವರೆಗಿನ ಹೊತ್ತು ಇಂದಿಗೂ ನನ್ನೊಳಗೆ ಮುಗಿದಿಲ್ಲ. ಸಂದಿಯಿಂದ ಅವರ ಕೈಬೆರಳು, ಅದರ ತುದಿಯಲ್ಲಿ ಆ ನೀಲಿ ಪ್ಲಾಸ್ಟಿಕ್ ಡಬ್ಬಿ. ನಾಲ್ಕನೇ ಸಲ ಒತ್ತಿದ ಮೇಲೆ ಶರಲ್ ಕೆಮ್ಮಿದಳು. ಅಗ್ನಿಶಾಮಕದವರು ಬಾಗಿಲು ತೆಗೆಯುವಷ್ಟರಲ್ಲಿ ಆಂಬುಲೆನ್ಸ್ ಕೆಳಗೆ ಕಾದಿತ್ತು.

ಸಂಜೆ ಹೆಲೆನ್ ನಮ್ಮ ಬ್ಯಾಗ್ ಹಿಡಿದು ಆಸ್ಪತ್ರೆಗೆ ಬಂದರು. “ಮೇಲಿನ ಮಹಡಿಯಲ್ಲಿ ರಿಪೇರಿ ನಡೀತಿದೆ. ಬಡಿತ, ಕೂಗಾಟ ದಿನವೂ ಇದ್ದದ್ದೇ, ನಾನು ನಿಲ್ಲುತ್ತಿರಲಿಲ್ಲ. ಹಾಡಿನ ಗುರುತು ಸಿಕ್ಕಿತು, ಅದಕ್ಕೇ ನಿಂತೆ,” ಎಂದರು. ಮತ್ತೆ ತಲೆ ತಗ್ಗಿಸಿ, “ಆ ಹೆಸರಿದ್ದರೇ ಹಾಡು ಸರಿ. ಆದರೆ ಹಾಗೆ ಹಾಕಲು ನಮ್ಮ ಮೇಲಿನವರು ಬಿಡುವುದಿಲ್ಲ.”

“ದೆನ್ ಲೀವ್ ಇಟ್,” ಎಂದಳು ಶರಲ್, ಮಾಸ್ಕ್ ಸರಿಸಿ.

ಈ ಸಲ ನಾನು ಅವಳ ಮಾತಿಗೇ ತಲೆದೂಗಿದೆ.

ಹಾಡು ಇಂದಿಗೂ ರೇಡಿಯೋದಲ್ಲಿ ಬಂದಿಲ್ಲ. ಲಿಫ್ಟ್ ಕಂಡರೆ ಈಗಲೂ ನಾನು ಮೆಟ್ಟಿಲಿನತ್ತ ತಿರುಗುತ್ತೇನೆ. ಆದರೆ ಯಾರೂ ಕೇಳಲಾರರು ಎಂದುಕೊಂಡ ಹಾಡು ಕೇಳಬೇಕಾದ ಕಿವಿಗೆ ತಲುಪಿತು ಎಂಬುದಕ್ಕೆ ನಾನೇ ಸಾಕ್ಷಿ. ಶರಲ್ ಈಗ ಪಕ್ಕದ ಕೋಣೆಯಲ್ಲಿ ಹೊಸ ಹಾಡು ಕಟ್ಟುತ್ತಿದ್ದಾಳೆ. ಸಾಲು ಸಾಲಿನ ನಡುವೆ ಅವಳು ಉಸಿರೆಳೆದುಕೊಳ್ಳುವುದು ನನಗೆ ಕೇಳಿಸುತ್ತದೆ. ಅದರ ಒಂದೊಂದಕ್ಕೂ, ಯೇಸುವೇ, ನಿನಗೆ ಸ್ತೋತ್ರ.